ಮನೆ ಗುಡ್ಡೆ

ಭಾನುವಾರ ಬೆಳಿಗ್ಗೆ ಆರೂವರೆಗೆ, ಬೀದಿಯಲ್ಲಿ ಹಾಲಿನವನ ಸೈಕಲ್ ಬೆಲ್ಲು ಇನ್ನೂ ಕೇಳುತ್ತಿರುವಾಗಲೇ, ಬಸವಂತ ಹಿತ್ತಲಲ್ಲಿ ಮಂಡಿಯೂರಿ ಕೂತು ಮಡಿವಾಳ ಮಾರ್ಕೆಟ್ಟಿನಿಂದ ಕೊಂಡು ತಂದ ಕ್ಯಾರೆಟ್ಟುಗಳನ್ನು ಒಂದೊಂದಾಗಿ ಮಣ್ಣಿನಲ್ಲಿ ಹೂಳುತ್ತಿದ್ದ. ಸೊಪ್ಪಿನ ಸಮೇತ ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡ. ಕಬ್ಬಿಣದ ಸರಳಿನಿಂದ ಒಂದು ತೂತು, ತೂತಿನೊಳಗೆ ಒಂದು ಕ್ಯಾರೆಟ್ಟು, ಸುತ್ತ ಮಣ್ಣು ಒತ್ತಿ ಚೊಂಬಿನಿಂದ ಒಂದಿಷ್ಟು ನೀರು. ಕೆಲಸ ಸುಲಭವಾಗಿಯೇ ಇತ್ತು. ಮೋಸ ಮಾಡುವುದು ಇಷ್ಟು ಸುಲಭ ಎಂದು ಮೂವತ್ತಾರು ವರ್ಷ ಅವನಿಗೆ ಯಾರೂ ಹೇಳಿರಲಿಲ್ಲ. ಎದೆ ಮಾತ್ರ ಪರೀಕ್ಷೆಗೆ ಚೀಟಿ ಇಟ್ಟುಕೊಂಡು ಬಂದ ಹುಡುಗನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಕೆಳಗಿನ ಮನೆಯ ಬಚ್ಚಲಲ್ಲಿ ತಂಬಿಗೆ ಉರುಳಿದ ಸದ್ದಾದಾಗ ಅವನು ಕೈಯಲ್ಲಿದ್ದ ಕ್ಯಾರೆಟ್ಟನ್ನು ಅಂಗಿಯೊಳಗೆ ತುರುಕಿಕೊಂಡ. ಯಾರೂ ಬರಲಿಲ್ಲ. ತಣ್ಣನೆಯ ಕ್ಯಾರೆಟ್ಟು ಹೊಟ್ಟೆಗೆ ತಾಗಿದಾಗ ಅವನಿಗೆ ತನ್ನ ಮೇಲೆಯೇ ಎಷ್ಟು ನಾಚಿಕೆಯಾಯಿತೆಂದರೆ, ಇದೆಲ್ಲವನ್ನೂ ಬಿಟ್ಟು ಮೇಲೆ ಹೋಗಿ ಮುಸುಕೆಳೆದು ಮಲಗಿಬಿಡೋಣ ಅನ್ನಿಸಿತು. ಆದರೆ ಇನ್ನೂ ಹದಿನೆಂಟು ತೂತು ಬಾಕಿ ಇದ್ದವು, ಮತ್ತು ಹತ್ತು ಗಂಟೆಗೆ ಬೋರಣ್ಣ ಕ್ಯಾರೆಟ್ ಕೀಳಲು ಬರುವವನಿದ್ದ.

ಬೋರಣ್ಣ ಈ ಮನೆಯ ಮಾಲೀಕ. ಬಿಟಿಎಂ ಲೇಔಟಿನ ಈ ಬೀದಿಗೆ ಈಗ ಕ್ರಾಸು, ಮೇನು ಎಂದೆಲ್ಲ ನಂಬರುಗಳಿದ್ದರೂ ಅವನ ಬಾಯಲ್ಲಿ ಅದು ಬಾವಿ ಮೇಲಿನ ತಾಕು, ಬಾವಿ ಕೆಳಗಿನ ತಾಕು. ಬಾವಿ ಇದ್ದ ಕಡೆ ಈಗ ಒಂದು ಬೇಕರಿ. ಮೊದಲು ಇಲ್ಲೆಲ್ಲ ಅವನ ತೋಟ. ಕೋಸು, ಮೂಲಂಗಿ, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾರೆಟ್ಟು. ಸೈಟುಗಳಾದ ಮೇಲೆ ಉಳಿದದ್ದು ಈ ಎರಡಂತಸ್ತಿನ ಮನೆ ಮತ್ತು ಮನೆಯ ಹಿಂದೆ ಕಾಂಪೌಂಡಿನವರೆಗೆ ಆರಡಿ ಅಗಲದ ಮಣ್ಣು. ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನು ತಿಂದುಹಾಕಿ ಮೂರು ವರ್ಷವಾಗಿತ್ತು. ಬಿಸಿಲು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಸವಂತ ಮನೆ ಕೇಳಿಕೊಂಡು ಬಂದ ದಿನ ಇನ್ನೂ ಸ್ವಲ್ಪ ಕಾಣುತ್ತಿತ್ತು. ಅವತ್ತು ಬಸವಂತ ಹೆಂಡತಿ ಉಮಾಶ್ರೀಯ ಜೊತೆ ಹದಿನಾಲ್ಕು ಮನೆ ನೋಡಿ, ಹದಿನಾಲ್ಕು ಕಡೆಯೂ ತನ್ನ ಭಾಷೆ ಕೇಳಿ ಮುಗುಳ್ನಕ್ಕವರ ಮುಖಗಳನ್ನು ನೋಡಿ, ಬಾಯಿ ತೆರೆಯುವುದಕ್ಕೇ ಹಿಂಜರಿಯುವಂತಾಗಿದ್ದ. ಬೋರಣ್ಣ ಜಗಲಿಯ ಮೇಲೆ ಕೂತಿದ್ದವನು ಕೇಳಿದ್ದು ಎರಡೇ ಪ್ರಶ್ನೆ. "ಊರ ಕಡೆ ಏನಪ್ಪಾ ಮಾಡ್ತೀರಾ?" "ಒಕ್ಕಲುತನ ಐತ್ರೀ." "ನೀನು ಮಾಡಿದೀಯಾ, ನಿಮ್ಮಪ್ಪ ಮಾಡ್ತಿದ್ನಾ?" ಉಮಾಶ್ರೀ ಗಂಡನ ಮುಖ ನೋಡಿದಳು. "ನಾನೂ ಮಾಡೀನ್ರೀ, ಸಣ್ಣಾಂವ ಇದ್ದಾಗಿಂದ," ಎಂದ ಬಸವಂತ. ಬೋರಣ್ಣ ಒಳಗೆ ಕೂಗಿ ಹೆಂಡತಿ ಅಕ್ಕಯಮ್ಮನಿಂದ ಬೀಗದ ಕೈ ತರಿಸಿದ. ಅವತ್ತು ಅವನು ಒಂದು ಸಲ ಅಂಗೈ ಮುಟ್ಟಿ ನೋಡಿದ್ದರೂ ಸಾಕಾಗಿತ್ತು ಎಂದು ಬಸವಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾನೆ. ಜಯನಗರದ ಔಷಧಿ ಕಂಪನಿಯಲ್ಲಿ ಡಬ್ಬಗಳಿಗೆ ವಿಳಾಸದ ಚೀಟಿ ಅಂಟಿಸಿ ಕಳಿಸುವ ಕೈ ಅದು. ಗೋಂದಿನ ಕಲೆಯಷ್ಟೇ ಇತ್ತು.

ಅವನು ಒಕ್ಕಲುತನದಲ್ಲಿ ಮಾಡಿದ್ದು ಒಂದೇ ಕೆಲಸ: ಹಗ್ಗದ ತುದಿ ಹಿಡಿಯುವುದು. ರೋಣದ ಕಡೆಯ ಅವರ ಹೊಲದಲ್ಲಿ ಉಳ್ಳಾಗಡ್ಡಿ ಅಗಿ ಹಚ್ಚುವಾಗ, ಅಂದರೆ ಮಡಿಯಲ್ಲಿ ಬೆಳೆದ ಈರುಳ್ಳಿ ಸಸಿ ಕಿತ್ತು ಸಾಲಿಗೆ ನೆಡುವಾಗ, ಸಾಲು ನೆಟ್ಟಗಿರಲಿ ಎಂದು ಹಗ್ಗ ಕಟ್ಟುತ್ತಿದ್ದರು. ಒಂದು ತುದಿ ಗೂಟಕ್ಕೆ, ಇನ್ನೊಂದು ಬದುವಿನ ಮೇಲೆ ಪುಸ್ತಕ ಹಿಡಿದು ಕೂತ ಬಸವಂತನ ಕೈಗೆ. ಅವ್ವ ಶಂಕ್ರವ್ವ ಬಗ್ಗಿ ನೆಡುತ್ತ ಹಿಂದೆ ಸರಿಯುತ್ತಿದ್ದಳು, ಅಣ್ಣ ಗುರುಸಿದ್ದ ಸಸಿಯ ಕಟ್ಟು ಹೊರುತ್ತಿದ್ದ. ಇವನು ಎದ್ದು ಒಂದು ಸಸಿ ಮುಟ್ಟಿದರೆ ಸಾಕು, "ನೀ ಓದೋ ಮಾರಾಯ, ಕೈ ಹೊಲಸು ಮಾಡ್ಕೋಬ್ಯಾಡ," ಎಂದು ಗದರುತ್ತಿದ್ದಳು. ಅಡುಗೆಮನೆಯ ಬಾಗಿಲ ಹಿಂದೆ ಒಂದು ಬುಟ್ಟಿ ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅದಕ್ಕೆ ಏನನ್ನೋ ತುಂಬಿ ಮೇಲೆ ಹಳೆಯ ಸೀರೆ ಮುಚ್ಚಿಡುತ್ತಿದ್ದಳು. ಏಳೆಂಟು ವರ್ಷದವನಿದ್ದಾಗ ಒಮ್ಮೆ ಅವನು ಆ ಬುಟ್ಟಿಗೆ ಕೈ ಹಾಕಿದ. ಅವ್ವ ಫಟ್ಟನೆ ಹೊಡೆದಳು. "ಅದು ನಿನಗಲ್ಲ." ಅಷ್ಟೇ ಮಾತು. ಅದೇ ಬುಟ್ಟಿಯಿಂದ ಗುರುಸಿದ್ದನಿಗೆ ದಿನಾ ತೆಗೆದು ರೊಟ್ಟಿಯ ಜೊತೆ ಕೊಡುತ್ತಿದ್ದುದನ್ನು ಅವನು ಮರೆಯಲ್ಲಿ ನಿಂತು ನೋಡಿದ್ದ, ಏನೆಂದು ಮಾತ್ರ ಕಂಡಿರಲಿಲ್ಲ. ದುಡಿಯುವ ಮಗನಿಗೆ ಒಂದು, ಓದುವ ಮಗನಿಗೆ ಒಂದು. ಹೊಡೆತ ಅವತ್ತೇ ಮರೆತುಹೋಯಿತು, ಮಾತು ಹೋಗಲಿಲ್ಲ. ಧಾರವಾಡದ ಹಾಸ್ಟೆಲ್ಲಿನಲ್ಲಿ, ಆಮೇಲೆ ಬೆಂಗಳೂರಿನ ಬಸ್ಸುಗಳಲ್ಲಿ ನೇತಾಡುವಾಗ, ಆಫೀಸಿನಲ್ಲಿ ಯಾರೋ ಸಿಹಿ ಹಂಚುತ್ತ ಇವನ ಮೇಜು ದಾಟಿ ಮುಂದೆ ಹೋದಾಗ, ಅದು ನಿನಗಲ್ಲ ಎಂಬ ಮಾತು ಅವ್ವನ ದನಿಯಲ್ಲೇ ಕೇಳುತ್ತಿತ್ತು.

ಅಕ್ಟೋಬರಿನಲ್ಲಿ ಬೋರಣ್ಣ ಕಣ್ಣಿನ ಯಾವುದೋ ನಾಟಿ ಔಷಧಿಗೆಂದು ಅಂಜನಾಪುರದ ಮಗಳ ಮನೆಗೆ ಎರಡು ತಿಂಗಳು ಹೊರಟ. ಹೊರಡುವಾಗ ಒಂದು ಬೀಜದ ಪೊಟ್ಟಣವನ್ನು ಬಸವಂತನ ಕೈಗಿಟ್ಟ. ಸಂಕ್ರಾಂತಿ ಮುಗಿದ ಮೇಲೆ ಹಿತ್ತಲಿಗೆ ಕಾಂಕ್ರೀಟು ಹಾಕಿಸಿ ಕಾರು ನಿಲ್ಲಿಸುವುದೆಂದು ಮಗ ಶಶಿಧರ್ ತೀರ್ಮಾನ ಮಾಡಿಬಿಟ್ಟಿದ್ದ. "ಕೊನೇ ಸಲ ಈ ಮಣ್ಣಲ್ಲಿ ಕ್ಯಾರೆಟ್ ಹಾಕ್ಬೇಕು ಕಣಪ್ಪ. ನನ್ ಕೈಲಾಗಲ್ಲ. ಹೆಂಗ್ ಹಾಕೋದು ಅಂತ ಹೇಳಿಕೊಡ್ಲಾ?" ಎಂದು ಬೋರಣ್ಣ ಕೇಳಿದ್ದ. ಅಲ್ಲಿ ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ನಮಗ ಹೇಳಬೇಕೇನ್ರೀ ಯಜಮಾನ್ರೇ, ನಮ್ಮ ಕಡೆ ಗಜ್ಜರಿ ಅಂತೀವಿ," ಎಂದುಬಿಟ್ಟ ಬಸವಂತ. ಹೆಸರು ಗೊತ್ತಿದ್ದರೆ ಬೆಳೆಯೂ ಗೊತ್ತು ಎಂಬಂತೆ. ಆಮೇಲೆ ಅವನು ಮಾಡಿದ್ದು ತನಗೆ ಗೊತ್ತಿದ್ದ ಒಂದೇ ಬೇಸಾಯ. ಮೂಲೆಯಲ್ಲಿ ಒಂದು ಮಡಿ ಮಾಡಿ ಬೀಜ ಚೆಲ್ಲಿದ. ಕೂದಲಿನಂಥ ಸಸಿಗಳು ನಾಲ್ಕು ಬೆರಳು ಎದ್ದಮೇಲೆ ಒಂದು ಭಾನುವಾರ ಹಗ್ಗ ಕಟ್ಟಿ, ಉಮಾಶ್ರೀಯ ಕೈಗೆ ತುದಿ ಕೊಟ್ಟು, ಒಂದೊಂದೇ ಸಸಿ ಕಿತ್ತು, ಬೇರು ಮಡಚಿದರೂ ಲೆಕ್ಕಿಸದೆ ಬೆರಳಿನಿಂದ ಒಳಗೆ ತಳ್ಳಿ, ಗೇಣಿಗೊಂದರಂತೆ ನೆಟ್ಟ. ಮೂರು ಸಾಲು, ಸಾಲಿಗೆ ಇಪ್ಪತ್ತು. ಸಂಜೆ ಮಹಡಿಯ ಮೇಲಿಂದ ನೋಡಿದಾಗ ಸಾಲುಗಳು ಎಷ್ಟು ಚೆಂದ ಕಂಡವೆಂದರೆ ಅವನ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಮೊದಲ ಸಲ ಹಗ್ಗದ ಈಚೆ ತಾನಿದ್ದ.

ಡಿಸೆಂಬರಿನಲ್ಲಿ ಬೋರಣ್ಣ ಕಣ್ಣು ಹಾಗೇ ಇಟ್ಟುಕೊಂಡು ವಾಪಸ್ಸು ಬಂದ. ಬಂದವನೇ ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಎಲೆಗಳನ್ನು ಸವರುತ್ತ ಒಂದು ಗಿಡದಿಂದ ಇನ್ನೊಂದಕ್ಕೆ ಕೈ ದಾಟಿಸಿದ. ಮತ್ತೆ ದಾಟಿಸಿದ. ಅವನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. "ಗೇಣಿಗೊಂದಾ?" "ಹೌದ್ರೀ, ಗೇಣಿಗೊಂದು. ಅಳತಿ ಹಿಡಿದು ಹಚ್ಚೀನಿ." ಬೋರಣ್ಣ ಹಲ್ಲಿಲ್ಲದ ಬಾಯಿ ತೆರೆದು ಬಹಳ ಹೊತ್ತು ನಕ್ಕ. "ಭೇಷ್ ಕಣಯ್ಯ," ಎಂದ. ಅವತ್ತಿನಿಂದ ದಿನಾ ಸಂಜೆ ಬಸವಂತ ಆಫೀಸಿನಿಂದ ಬರುವ ಹೊತ್ತಿಗೆ ಮುದುಕ ಮೆಟ್ಟಿಲ ಬುಡದಲ್ಲಿ ಕಾದಿರುತ್ತಿದ್ದ. "ಎಷ್ಟು ಬಂತಪ್ಪಾ ಇವತ್ತು?" ಬಸವಂತ ಹೇಳುತ್ತಿದ್ದ: ಮೊಣಕಾಲ ಕೆಳಗೆ ಬಂದಿದೆ, ಎಲೆ ಕೊತ್ತಂಬರಿಗಿಂತ ಸಣ್ಣ, ಬುಡದಲ್ಲಿ ಕೇಸರಿ ಬಣ್ಣ ಇಣುಕುತ್ತಿದೆ. ಹೇಳುತ್ತ ಹೇಳುತ್ತ ಅವನ ಮಾತಿಗೆ ರೆಕ್ಕೆ ಬರುತ್ತಿತ್ತು. ಅವನ ಮಾತನ್ನು ಬೆಂಗಳೂರಿನಲ್ಲಿ ಇಷ್ಟು ಆಸೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ. ಆಫೀಸಿನಲ್ಲೂ ಜಂಬ ಕೊಚ್ಚಿಕೊಂಡದ್ದರಿಂದ ಅಲ್ಲಿಯ ಹುಡುಗರು ಅವನನ್ನು "ಏನ್ ಗುರು, ಬೆಳೆ ಹೆಂಗಿದೆ" ಎಂದು ಛೇಡಿಸುವಂತಾಗಿತ್ತು. ದೀಪಾವಳಿಗೆ ಗುರುಸಿದ್ದ ಬಸ್ಸಿನಲ್ಲಿ ಕಳಿಸಿದ್ದ ಉಳ್ಳಾಗಡ್ಡಿ ಚೀಲದಲ್ಲಿ ಅರ್ಧವನ್ನು ಅಕ್ಕಯಮ್ಮನಿಗೆ ಕೊಟ್ಟು, ನೋಡಿರಿ ನಮ್ಮ ಹೊಲದ್ದು, ಒಂದರಂತೆ ಒಂದು, ಅಚ್ಚಿನಲ್ಲಿ ಹೊಯ್ದ ಹಾಗೆ ಎಂದಿದ್ದ. ಅಕ್ಕಯಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಮನೇಲಿ ತಿನ್ನೋ ಈರುಳ್ಳಿ ಅಲ್ಲ ಬಿಡಪ್ಪ, ಮಾರೋ ಈರುಳ್ಳಿ. ನಿಮ್ಮವ್ವ ಆರಿಸ್ಬುಟ್ಟು ಕಳ್ಸವ್ಳೆ," ಎಂದಿದ್ದಳು. ಅದನ್ನು ಅವನು ಹೊಗಳಿಕೆ ಎಂದೇ ತಿಳಿದಿದ್ದ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಸಂಜೆ, ಬೋರಣ್ಣ ದೇವಸ್ಥಾನಕ್ಕೆ ಹೋಗಿದ್ದಾಗ, ಬಸವಂತ ಮನಸ್ಸು ತಡೆಯದೆ ಒಂದು ಗಿಡ ಕಿತ್ತು ನೋಡಿದ. ಬಂದದ್ದು ಕ್ಯಾರೆಟ್ಟಲ್ಲ, ಮೂರು ಕಾಲಿನ ಏನೋ ಒಂದು. ಇನ್ನೊಂದು ಕಿತ್ತ. ಅದಕ್ಕೆ ಎರಡು ಕಾಲು, ಒಂದರ ಸುತ್ತ ಇನ್ನೊಂದು ಸುತ್ತಿಕೊಂಡಿತ್ತು. ಐದು ಕಿತ್ತ, ಐದೂ ಹಾಗೇ. ಅಂಗೈ ಮೇಲೆ ಇಟ್ಟುಕೊಂಡಾಗ ಅವು ತನ್ನನ್ನೇ ನೋಡಿ ನಗುತ್ತಿವೆ ಅನ್ನಿಸಿತು. ಮೇಲೆ ಬಂದು ಸಿಂಕಿನಲ್ಲಿ ತೊಳೆದಿಟ್ಟ. ಡೆಂಟಲ್ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದ ಉಮಾಶ್ರೀ ನೋಡಿದವಳೇ ಸೆರಗು ಬಾಯಿಗೆ ಹಿಡಿದು ನಕ್ಕಳು, ಆಮೇಲೆ ಅವನ ಮುಖ ನೋಡಿ ಸೆರಗು ಕೆಳಗಿಳಿಸಿದಳು.

"ಇದ್ದದ್ದು ಇದ್ದಂಗ ಹೇಳ್ರೀ. ಅವ್ರೇನು ನಿಮ್ಮನ್ನ ಗಲ್ಲಿಗೆ ಹಾಕ್ತಾರೇನು?"

"ಏನಂತ ಹೇಳ್ಲಿ? ನಾನು ಒಕ್ಕಲಿಗನಲ್ಲ, ಹಗ್ಗ ಹಿಡಿಯಾಂವ ಅಂತ ಹೇಳ್ಲೇನು?"

"ಅದ್ರಾಗ ತಪ್ಪೇನೈತಿ?"

"ಆ ಮುದುಕ ಮೂರು ತಿಂಗಳಿಂದ ಕಾಯಾಕತ್ಯಾನ. ಇದ ಅವನ ಕಡೀ ಬೆಳಿ. ಹಾಳು ಮಾಡಿದಾಂವ ನಾನು. ನಿನಗ ತಿಳಿಯೂದಿಲ್ಲ, ಸುಮ್ಮನಿರು."

ತಿಳಿಯಲಿಲ್ಲವೆಂದೇನೂ ಅಲ್ಲ. ಅವನ ಮಾತಿನಲ್ಲಿ ಅರ್ಧ ಮುದುಕನ ಮೇಲಿನ ಮರುಕ, ಅರ್ಧ ತನ್ನ ಮಾನದ ಭಯ, ಎರಡೂ ಅಕ್ಕಿ ಬೇಳೆಯ ಹಾಗೆ ಒಟ್ಟಿಗೇ ಬೆಂದುಹೋಗಿವೆ ಎಂದು ಅವಳಿಗೆ ತಿಳಿದಿತ್ತು. ಅವನಿಗೂ ತಿಳಿದಿತ್ತು. ಕುರುಡನಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಂದು ಗಳಿಗೆ ಅನ್ನಿಸಿದರೆ, ಮರುಗಳಿಗೆ ಕುರುಡನ ಆಸೆ ಉಳಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅವನು ಭಾನುವಾರ ನಸುಕಿಗೆ ಎದ್ದು ಮಡಿವಾಳಕ್ಕೆ ಹೋದ. ಬಂದು, ಉಳಿದವನ್ನೆಲ್ಲ ಅಗೆದು ತೆಗೆದು ಸಿಮೆಂಟ್ ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ, ಹಳೆಯ ಪೇಂಟ್ ಡಬ್ಬಗಳ ಹಿಂದೆ ತಳ್ಳಿದ. ಸೋಮವಾರ ಬೀದಿಯ ಹಸುಗಳಿಗೆ ಹಾಕಿದರಾಯಿತು. ಗುರುವಾರ ತೊಳೆದಿಟ್ಟಿದ್ದ ಐದನ್ನೂ ಉಮಾಶ್ರೀ ಎಸೆಯದೆ ಹಾಗೇ ಇಟ್ಟಿದ್ದಳು, ಮತ್ತು ಅವನು ಚೀಲ ತಳ್ಳುವ ಮುಂಚೆ ಅವನ್ನೂ ಕೆಳಗೆ ತಂದು ಅದಕ್ಕೆ ಹಾಕಿದಳು.

ಹತ್ತು ಗಂಟೆಗೆ ಬೋರಣ್ಣ ಬಂದ. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಒಗೆದ ಬಿಳಿ ಪಂಚೆ ಉಟ್ಟಿದ್ದ. ಮಣ್ಣಿನ ಕೆಲಸಕ್ಕೆ ಇಷ್ಟು ಮಡಿಯಾಗಿ ಬಂದವನನ್ನು ನೋಡಿ ಬಸವಂತ ತನ್ನ ಕೆಸರು ಕೈಗಳನ್ನು ಹಿಂದೆ ಕಟ್ಟಿಕೊಂಡ. ಹಿಂದೆ ಅಕ್ಕಯಮ್ಮ ಎರಡು ಗೋಣಿಚೀಲ ಹಿಡಿದು ಬಂದಳು. ಯಾರೂ ಹೇಳದಿದ್ದರೂ ಅವನ್ನು ಗಂಡನ ಎಡಕ್ಕೊಂದು, ಬಲಕ್ಕೊಂದು ಹಾಸಿದಳು. ಶಶಿಧರ್ ಅಳತೆಯ ಟೇಪು ಹಿಡಿದು ಕಾಂಪೌಂಡಿಗೆ ಒರಗಿ ನಿಂತಿದ್ದ. ಅವನದು ಬನ್ನೇರುಘಟ್ಟ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಮಂಗಳವಾರ ಜಲ್ಲಿ ಬರುವುದಿತ್ತು. ಉಮಾಶ್ರೀ ಮೆಟ್ಟಿಲ ಮೇಲೆ ಕೂತಳು. ಬೋರಣ್ಣ ಮಣ್ಣಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಮೊದಲನೆಯ ಗಿಡದ ಬುಡಕ್ಕೆ ಬೆರಳು ಹಾಕಿ ಎಳೆದ. ಕ್ಯಾರೆಟ್ಟು ಸಲೀಸಾಗಿ ಬಂತು. ಅವನ ತೋಳು ತಯಾರಾಗಿದ್ದಷ್ಟು ಬಲ ಬೇಕಾಗಲಿಲ್ಲವೆಂದು ಕಾಣುತ್ತದೆ, ಮೈ ಸ್ವಲ್ಪ ಹಿಂದಕ್ಕೆ ವಾಲಿತು. ಹೆಬ್ಬೆರಳಿನಿಂದ ನೆತ್ತಿಯಿಂದ ತುದಿಯವರೆಗೆ ಸವರಿದ. "ನೆಟ್ಟಗಿದೆ," ಎಂದು ಎಡಗಡೆಯ ಗೋಣಿಯ ಮೇಲೆ ಇಟ್ಟ.

ಎರಡನೆಯದೂ ನೆಟ್ಟಗಿತ್ತು. ಮೂರನೆಯದೂ. ಅಕ್ಕಯಮ್ಮ, "ಅಬ್ಬಾ, ಎಷ್ಟು ಮುದ್ದಾಗಿ ಬಂದವೆ ನೋಡಿ," ಎಂದಳು. ಶಶಿಧರ್ ಹತ್ತಿರ ಬಂದು ಒಂದನ್ನು ಎತ್ತಿ ನೋಡಿ, "ಸಖತ್ ಸಾರ್. ನಮ್ಮಪ್ಪ ಇನ್ಮೇಲೆ ನಿಮ್ಮನ್ನೇ ಮಗ ಅಂತಾರೆ ಬಿಡಿ," ಎಂದ. ಬಸವಂತ ನಾಚಿ ನಕ್ಕ. ವಿಚಿತ್ರವೆಂದರೆ ಆ ನಗೆ ಸುಳ್ಳಾಗಿರಲಿಲ್ಲ. ಬೆಳಿಗ್ಗೆ ತಾನೇ ಕೈಯಾರೆ ಹೂತದ್ದು ಎಂಬುದು ಒಂದು ನಿಮಿಷ ಮರೆತುಹೋಗಿ, ಈ ಕೆಂಪಗಿನ ನೆಟ್ಟನೆಯ ಕ್ಯಾರೆಟ್ಟುಗಳು ನಿಜವಾಗಿಯೂ ತನ್ನ ಹಗ್ಗದಿಂದ, ತನ್ನ ಗೇಣಿನಿಂದ ಹುಟ್ಟಿದವು ಎಂಬಂತೆ ಎದೆ ಉಬ್ಬಿತು. ಅವ್ವ ನೋಡಬೇಕಿತ್ತು ಅಂದುಕೊಂಡ. ಗೆದ್ದೆ ಎನ್ನುವುದು ಹೀಗಿರುತ್ತದೋ ಏನೋ. ಆಗಲೇ ಅವನು ಗಮನಿಸಿದ್ದು: ಬೋರಣ್ಣ ಪ್ರತಿ ಕ್ಯಾರೆಟ್ಟನ್ನೂ ಕಿತ್ತು, ಸವರಿ, ಕೈಯನ್ನು ಬಲಗಡೆಯ ಗೋಣಿಯ ಕಡೆಗೆ ಅರ್ಧ ಒಯ್ದು, ಅಲ್ಲಿ ತಡೆದು, ಮತ್ತೆ ಎಡಗಡೆಗೇ ಇಡುತ್ತಿದ್ದ. ಮೊದಲ ಸಾಲು ಮುಗಿಯುವ ಹೊತ್ತಿಗೆ ಎಡಗಡೆ ಒಂದು ಗುಡ್ಡೆ ಬೆಳೆದಿತ್ತು. ಬಲಗಡೆಯ ಗೋಣಿ ಹಾಸಿದ ಹಾಗೇ ಖಾಲಿ.

"ಮನೆಗೆ ಎಷ್ಟಾಯ್ತೇ?" ಎಂದು ಹೆಂಡತಿಯನ್ನು ಕೇಳಿದ ಬೋರಣ್ಣ.

"ಮನೆಗೆ ಒಂದೂ ಇಲ್ಲ. ಎಲ್ಲಾ ಮಾರ್ಕೆಟ್ಟಿಗೇ ಹೋಯ್ತಲ್ಲ."

"ಒಂದೂ ಇಲ್ವಾ?"

ಅವನು ಎರಡನೆಯ ಸಾಲಿಗೆ ಸರಿದ. ಈಗ ಕೈಗೆ ಅವಸರ ಬಂದಿತ್ತು. ಕೀಳುವುದು, ಸವರುವುದು, ಇಡುವುದು. ಕೀಳುವುದು, ಸವರುವುದು, ಇಡುವುದು. ಪ್ರತಿ ಸಲ ಸವರುವಾಗಲೂ ಮುಖದಲ್ಲಿ ಏನೋ ಎದ್ದು ನಿಂತು ಮತ್ತೆ ಕೂತುಬಿಡುತ್ತಿತ್ತು. ಬಸವಂತನಿಗೆ ಅರ್ಥವಾಗಲಿಲ್ಲ. ಏನ್ರಮ್ಮಾ, ಎರಡು ಗೋಣಿ ಯಾಕ್ರೀ ಎಂದು ಮೆಲ್ಲಗೆ ಅಕ್ಕಯಮ್ಮನನ್ನು ಕೇಳಿದ. ಅವಳು ಇದೂ ಗೊತ್ತಿಲ್ಲವೇ ಎಂಬಂತೆ ಅವನನ್ನು ನೋಡಿದಳು. "ಇದು ಮಾರ್ಕೆಟ್ ಗುಡ್ಡೆ, ಇದು ಮನೆ ಗುಡ್ಡೆ ಕಣಪ್ಪ. ನೆಟ್ಟಗಿರೋದು ಮಾರೋಕೆ. ಕಲ್ಲಿಗೆ ಸಿಕ್ಕಿ ಕವಲೊಡೆದದ್ದು, ಸೊಟ್ಟಗಾದದ್ದು ಮನೆಗೆ. ನಾನು ಸೊಸೆಯಾಗಿ ಬಂದಾಗಿಂದ ಒಂದಿನಾನಾದ್ರೂ ನೆಟ್ಟಗಿರೋ ಕ್ಯಾರೆಟ್ ಹುಳಿಗೆ ಹಾಕಿದೋಳಲ್ಲ. ಈಗ ಅಂಗಡಿಯಿಂದ ತಂದು ಹಾಕಿದ್ರೆ ಇವ್ರು ಯಾರ್ದೋ ಮನೇಲಿ ಉಂಡಂಗಾಯ್ತದೆ ಅಂತ ತಟ್ಟೆ ಸರಿಸ್ತಾರೆ. ಎಂಟತ್ತು ವರ್ಷ ಆಯ್ತು ಅದನ್ನ ತಿಂದು. ಅದಕ್ಕೇ ಇಷ್ಟೊಂದು ಆಸೆ."

ಬೋರಣ್ಣ ಎರಡನೆಯ ಸಾಲಿನ ಕೊನೆಯ ಗಿಡ ಕಿತ್ತ. ನೆಟ್ಟಗಿತ್ತು. ಅದನ್ನು ಎಡಗಡೆಗೆ ಹಾಕದೆ ಎರಡೂ ಕೈಯಲ್ಲಿ ಹಿಡಿದು ಕೂತ. "ಒಂದೂ ಮನೆಗೆ ಬರ್ಲಿಲ್ವಲ್ಲೇ," ಎಂದ. ಯಾರ ಮೇಲೂ ದೂರಿರಲಿಲ್ಲ ಆ ದನಿಯಲ್ಲಿ. ಜಾತ್ರೆಗೆ ಕರೆದೊಯ್ಯುತ್ತೇನೆಂದು ಹೇಳಿ ಬಿಟ್ಟುಹೋದರೆ ಮಕ್ಕಳು ಕೇಳುವ ಹಾಗಿತ್ತು. ಬಸವಂತ ಮೆಟ್ಟಿಲ ಕಡೆ ನೋಡಿದ. ಹತ್ತು ಹೆಜ್ಜೆ. ಪೇಂಟ್ ಡಬ್ಬಗಳ ಹಿಂದೆ ಚೀಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಇಪ್ಪತ್ತು ಗಿಡದಲ್ಲಿ ಎಲ್ಲ ಮುಗಿಯುತ್ತದೆ. ಮಂಗಳವಾರ ಜಲ್ಲಿ ಬೀಳುತ್ತದೆ. ಅದರ ಕೆಳಗೆ ಯಾರಿಗೂ ಏನೂ ಸಿಗುವುದಿಲ್ಲ. ಅವನು ಒಳ್ಳೆಯ ಒಕ್ಕಲಿಗನಾಗಿ, ಸಾರ್ ಆಗಿ, ಈ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಮುದುಕ ಮಾತ್ರ ಖಾಲಿ ಗೋಣಿ ಮಡಚಿಕೊಂಡು ಒಳಗೆ ಹೋಗುತ್ತಾನೆ. ಉಮಾಶ್ರೀ ಅವನನ್ನೇ ನೋಡುತ್ತಿದ್ದಳು. ಅವನು ನೋಡಿದ್ದೇ ತಡ ಕಾಲು ಮಡಚಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಮೆಟ್ಟಿಲ ಕೆಳಗೆ ನಡೆದ. ಚೀಲ ಎಳೆದಾಗ ಒಂದು ಡಬ್ಬ ಉರುಳಿ ದೊಡ್ಡ ಸದ್ದಾಯಿತು. ಎಲ್ಲರೂ ತಿರುಗಿದರು. ಹಿಂದಕ್ಕೆ ಹೋಗುವ ದಾರಿ ಇನ್ನಿರಲಿಲ್ಲ. ಬಂದು, ಬಲಗಡೆಯ ಗೋಣಿಯ ಮೇಲೆ ಚೀಲವನ್ನು ಬೋರಲು ಹಾಕಿದ.

"ಏನ್ ಸಾರ್ ಇದು?" ಎಂದ ಶಶಿಧರ್.

"ಇವು ಈ ಮಣ್ಣಿನ್ವು," ಎಂದ ಬಸವಂತ. "ಅವು ಮಾರ್ಕೆಟ್ಟಿಂದ ತಂದು ಮುಂಜಾನೆ ಹುಗಿದೆ. ಇವು ಹಿಂಗ ಹುಟ್ಟಿದ್ವು. ನನಗ ಒಕ್ಕಲುತನ ಬರೂದಿಲ್ರೀ. ಬರ್ತೈತಿ ಅಂತ ಸುಳ್ಳು ಹೇಳಿದ್ದೆ."

ಶಶಿಧರ್‌ಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಟೇಪು ಕೆಳಗೆ ಬಿಟ್ಟು, ಕಾಂಪೌಂಡ್ ಗೋಡೆ ಹಿಡಿದುಕೊಂಡು ನಕ್ಕ. "ಅಯ್ಯೋ ಗುರು! ಮಾರ್ಕೆಟ್ಟಿಂದ ತಂದು ಹೂತಿದ್ದೀಯಾ?" ಒಂದೇ ಉಸಿರಿನಲ್ಲಿ ಸಾರ್ ಹೋಗಿತ್ತು, ನೀವು ಹೋಗಿತ್ತು. ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಬಂದು ನಿಂತರು. ಬಸವಂತ ತಲೆ ತಗ್ಗಿಸಿ, ನಗು ಮುಗಿಯಲಿ ಎಂದು, ಮಳೆ ನಿಲ್ಲಲೆಂದು ಕಾಯುವವನ ಹಾಗೆ ನಿಂತ. ಇದಕ್ಕೇ ಅಲ್ಲವೇ ತಾನು ಹೆದರಿದ್ದು. ಬಂದೇಬಿಟ್ಟಿತು. ಇದರ ಆಚೆಗೆ ಏನಿದೆ ಎಂದು ಅವನು ಯೋಚಿಸಿಯೇ ಇರಲಿಲ್ಲ.

ಬೋರಣ್ಣನ ಕೈ ಬಲಗಡೆಗೆ ಹೋಗಿತ್ತು. ಮಗನ ನಗೆ, ಬಸವಂತನ ತಪ್ಪೊಪ್ಪಿಗೆ ಎರಡೂ ಅವನ ಕಿವಿಗೆ ಬಿದ್ದ ಹಾಗಿರಲಿಲ್ಲ. ಒಂದನ್ನು ಎತ್ತಿ ಬೆರಳಿನಿಂದ ಎಣಿಸುತ್ತಿದ್ದ. "ಎರಡು ಕಾಲು. ಇದಕ್ಕೆ ಮೂರು. ಅಯ್ಯೋ ಇದು ನೋಡೇ, ಚಕ್ಕಂಬಕ್ಕಲ ಹಾಕ್ಕೊಂಡು ಊಟಕ್ಕೆ ಕೂತದೆ!" ಅಕ್ಕಯಮ್ಮ ಕೈಗೆ ತೆಗೆದುಕೊಂಡು, "ಥೂ, ಇಬ್ರು ತಬ್ಕೊಂಡವ್ರೆ ಇದ್ರಲ್ಲಿ," ಎಂದು ಹೊಸ ಸೊಸೆಯಂತೆ ನಾಚಿ ನಕ್ಕಳು. ಬೋರಣ್ಣ ಒಂದನ್ನು ಮೂಗಿನ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದುಕೊಂಡ. ಅವನ ಬತ್ತಿದ ಕಣ್ಣುಗಳಲ್ಲಿ ನೀರಿತ್ತು.

"ಸಸಿ ಕಿತ್ತು ನೆಟ್ಟಿದ್ದೀಯ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣಪ್ಪ," ಎಂದ. "ಕ್ಯಾರೆಟ್ನ ಯಾರಾದ್ರೂ ಗೇಣಿಗೊಂದು ಇಡ್ತಾರಾ? ಬೀಜ ಚೆಲ್ಲಿ ಸುಮ್ನೆ ಬಿಡ್ಬೇಕು. ಸಣ್ಣದ್ರಲ್ಲಿ ಬೇರು ಮುಟ್ಟಿದ್ರೆ ಕವಲು ಒಡೆದೇ ಒಡೀತದೆ."

"ಗೊತ್ತಿದ್ರ ಯಾಕ ಹೇಳ್ಲಿಲ್ರೀ?" ಬಸವಂತ ತಲೆ ಎತ್ತಿ ಕೇಳಿದ.

"ಯಾಕ್ ಹೇಳ್ಲಿ? ಐವತ್ತು ವರ್ಷ ಒಳ್ಳೇದೆಲ್ಲಾ ಮಾರ್ಕೆಟ್ಟಿಗೆ ಹಾಕಿದೀನಿ. ಕೊನೇ ಬೆಳೆ, ಪೂರ್ತಿ ಮನೆಗೇ ಬರ್ಲಿ ಅಂತ ಸುಮ್ನಿದ್ದೆ." ಆಮೇಲೆ, ಇದು ಎಲ್ಲರಿಗೂ ತಿಳಿದ ಮಾತು ಎಂಬಂತೆ, "ನಿಮ್ಮನೇಲೂ ಹಂಗೇ ಅಲ್ವಾ, ಈರುಳ್ಳೀಲಿ?" ಎಂದ.

ಬಸವಂತ ಹೂಂ ಅನ್ನಲು ಬಾಯಿ ತೆರೆದ. 

ಹೊಲದಂಚಿನಲ್ಲಿ ಅವ್ವ ಉಳ್ಳಾಗಡ್ಡಿ ಆರಿಸುತ್ತ ಕೂತದ್ದು ಕಣ್ಣ ಮುಂದೆ ಬಂತು. ಗುಂಡಗಿದ್ದದ್ದು ಚೀಲಕ್ಕೆ. ಎರಡು ಹೋಳಾಗಿ ಸೀಳಿದ್ದು, ಜೋಡಗಡ್ಡಿ, ಒಂದು ಕಡೆ ಕೊಳೆತದ್ದು ಸೀರೆಯ ಮಡಿಲಿಗೆ. ಅದು ಮಡಿಲಿನಿಂದ ಎಲ್ಲಿಗೆ ಹೋಗುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಬಾಗಿಲ ಹಿಂದಿನ ಬುಟ್ಟಿ. ಮೇಲೆ ಮುಚ್ಚಿದ ಹಳೆಯ ಸೀರೆ. ಗುರುಸಿದ್ದನ ರೊಟ್ಟಿಯ ಮೇಲೆ, ಅವ್ವನ ರೊಟ್ಟಿಯ ಮೇಲೆ ಅರ್ಧ ಕೊಯ್ದು ಎಸೆದು ಉಳಿದ ಅರ್ಧ. ಇವನ ತಾಟಿನಲ್ಲಿ ಮಾತ್ರ ಬಳೆಯಂತೆ ಕೊಯ್ದ ಗುಂಡನೆಯ ಹೋಳುಗಳು. ಹಾಸ್ಟೆಲ್ಲಿಗೆ, ಬೆಂಗಳೂರಿಗೆ, ಅಚ್ಚಿನಲ್ಲಿ ಹೊಯ್ದಂಥ ಚೀಲಗಳು. ಮಾರುವ ಗುಡ್ಡೆಯಿಂದ ಎತ್ತಿ ತಿನ್ನಿಸಿ ಅವನನ್ನು ಸಾಕಿದ್ದರು. ಮೂವತ್ತು ವರ್ಷ ಅವನು ಒಳಗೇ ನೆಕ್ಕಿಕೊಂಡು ಬಂದಿದ್ದ ಗಾಯ ಗಾಯವೇ ಆಗಿರಲಿಲ್ಲ. ಅವ್ವ ಏನು ತಿನ್ನುತ್ತಾಳೆ ಎಂದು ಅವನು ಒಂದು ದಿನವೂ ಬುಟ್ಟಿಯ ಸೀರೆ ಎತ್ತಿ ನೋಡಿರಲಿಲ್ಲ. ಒಮ್ಮೆ ನೋಡಹೋದಾಗ ಅವಳು ಹೊಡೆದಿದ್ದಳು. ಯಾಕೆ ಹೊಡೆದಳೆಂದು ಈಗ, ಈ ಆರಡಿ ಹಿತ್ತಲಲ್ಲಿ, ಎಲ್ಲರ ಎದುರಿಗೆ ತಿಳಿದು, ಅವನು ಮಣ್ಣಿನ ಮೇಲೆಯೇ ಕೂತುಬಿಟ್ಟ.

"ಅಲ್ಲಲ್ಲ, ಈ ಕಡೆ ಬಾ," ಎಂದು ಬೋರಣ್ಣ ತನ್ನ ಬಲಗಡೆಗೆ ಜಾಗ ತಡವಿ ತೋರಿಸಿದ. ಬಸವಂತ ಜರುಗಿದ. ಮುದುಕ ಗುಡ್ಡೆಯಲ್ಲಿ ಕೈಯಾಡಿಸಿ, ಮೂರು ಕಾಲಿನದೊಂದನ್ನು ಆರಿಸಿ, ಮಣ್ಣನ್ನು ತನ್ನ ಬಿಳಿ ಪಂಚೆಗೇ ಒರೆಸಿ ಚಾಚಿದ. "ತಗೋ. ತಿನ್ನು."

ಬಸವಂತ ಕೈ ನೀಡಿದ. ಮುಟ್ಟುವ ಮುಂಚೆ ಅವನ ಕೈ ತಾನಾಗಿಯೇ ಒಂದು ಕ್ಷಣ ನಿಂತಿತು, ಯಾರಾದರೂ ಫಟ್ಟನೆ ಹೊಡೆದು ಅದು ನಿನಗಲ್ಲ ಅನ್ನುತ್ತಾರೇನೋ ಎಂದು. ಯಾರೂ ಅನ್ನಲಿಲ್ಲ. ಅವನು ತೆಗೆದುಕೊಂಡು ಕಚ್ಚಿದ. ಹಲ್ಲಿಗೆ ಮಣ್ಣು ಕರಕರ ಅಂದಿತು.

"ಹೆಂಗೈತ್ರೀ?" ಎಂದು ಮೆಟ್ಟಿಲ ಮೇಲಿಂದ ಉಮಾಶ್ರೀ ಕೇಳಿದಳು. ಬಾಯಿ ತುಂಬಿದ್ದರಿಂದ ಅವನು ಗುಡ್ಡೆಯಿಂದ ಇನ್ನೊಂದನ್ನು ಎತ್ತಿ ಅವಳ ಕಡೆ ಚಾಚಿದ.